ನಡುಗುವ ಕೈ, ತೇಗದ ಎಲೆ

ಬೆಳಿಗ್ಗೆ ಎದುರುಮನೆಯವರು ಮದರಂಗಿ ಬೇಲಿ ಕತ್ತರಿಸುತ್ತಿದ್ದರು. ಆ ಹಸಿ ಎಲೆಯ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನನಗೆ ನೂರ್‌ಜಹಾನ್ ನೆನಪಾದಳು.

ನಮ್ಮ ಎಸ್.ಎಸ್. ಬಡಾವಣೆಯ ಮೂಲೆಯಲ್ಲೊಂದು ಪುಟ್ಟ ತೋಟವಿದೆ. ಮೊದಲು ಅಲ್ಲಿ ಮನೆ ಕಟ್ಟಿ ಮಿಕ್ಕ ಜಲ್ಲಿ, ಒಡೆದ ಟೈಲ್ಸ್ ಬಿದ್ದಿರುತ್ತಿದ್ದವು. ಸುತ್ತಲಿನವರೆಲ್ಲ ಸೇರಿ ಅದನ್ನು ತೆಗೆಸಿ ದಾಸವಾಳ, ನುಗ್ಗೆ, ತೇಗ ನೆಟ್ಟರು. ಗಿಡಗಳು ಆಳೆತ್ತರ ಬೆಳೆದ ಮೇಲೆ ಭಾನುವಾರ ಅಲ್ಲಿ ಸೇರುವುದು ರೂಢಿಯಾಯಿತು. ಮೊದಲು ಯಾರಾದರೂ ಗಿಡಗಳ ಬಗ್ಗೆ ಮಾತಾಡಬೇಕು, ಆಮೇಲೆ ಎಲೆ ಹೂವುಗಳಿಂದ ಎಲ್ಲರೂ ಏನಾದರೊಂದು ಕಲೆ ಕಲಿಯಬೇಕು. ಮಾತು ನನ್ನ ಪಾಲಿಗೆ ಬಂತು. ಕಾಲೇಜಿನಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಹೇಳಿದವಳು ಸುಮ್ಮನಿರಲು ಸಾಧ್ಯವೇ, ನೀವೇ ಹೇಳಿ. ತುಂಬೆ ಗಿಡಕ್ಕೂ ಲ್ಯಾಟಿನ್ ಹೆಸರು ಹೇಳಿ ಜನಕ್ಕೆ ಆಕಳಿಕೆ ತರಿಸುವ ವಿದ್ಯೆ ನನಗೆ ಚೆನ್ನಾಗಿ ಸಿದ್ಧಿಸಿತ್ತು.

ಕಲೆ ಹೇಳಿಕೊಡಲು ಹರಿಹರದಿಂದ ಬಸ್ಸಿನಲ್ಲಿ ಬರುತ್ತಿದ್ದವಳು ನೂರ್‌ಜಹಾನ್, ಬಟ್ಟೆಗೆ ಬಣ್ಣ ಹಾಕುವ ಮನೆತನದವಳು. ಅವಳು ಬಟ್ಟೆ ಹಾಸಿದೊಡನೆ ನಾನು ದೂರದ ಬೆಂಚಿಗೆ ಹೋಗಿ ಪೇಪರ್ ಹಿಡಿಯುತ್ತಿದ್ದೆ. ಹಿಂದಿನ ವರ್ಷ ಸಣ್ಣದಾಗಿ ಪಾರ್ಶ್ವವಾಯು ಬಡಿದು ಬಲಗೈ ನಡುಗತೊಡಗಿತ್ತು. ಒಂದು ಕಾಲಕ್ಕೆ ನಾನು ಬೋರ್ಡಿನ ಮೇಲೆ ಎಲೆಯ ಚಿತ್ರ ಬರೆದರೆ ವಿದ್ಯಾರ್ಥಿನಿಯರು ಅಳಿಸಲು ಬಿಡುತ್ತಿರಲಿಲ್ಲ. ಈಗ ನನ್ನ ಸಹಿಯೇ ಹಾವು ಹರಿದಂತೆ. ಇದು ಯಾರಿಗೂ ತಿಳಿಯದು ಎಂದುಕೊಂಡಿದ್ದೆ.

ನೂರ್‌ಜಹಾನ್‌ಗೆ ತಿಳಿದಿತ್ತು. ಒಂದು ಭಾನುವಾರ ನೇರ ಬೆಂಚಿಗೇ ಬಂದಳು.

"ಯಾಕ್ರಿ ಮೇಡಂ, ಇಲ್ಲಿ ಕುಂತೀರಿ? ಬರ್ರಿ."

"ಬ್ಯಾಡಮ್ಮ. ಕೈ ನಡುಗ್ತೈತೆ."

"ನಡುಗಿದ್ರೇನಾತು? ಎಲಿಗೇನು ಗೊತ್ತಾಗ್ತೈತಾ? ಬರಿಯೋದು ಬ್ಯಾಡ, ಕುಟ್ರಿ."

ಕೈಗೊಂದು ಗುಂಡುಕಲ್ಲು ಕೊಟ್ಟೇಬಿಟ್ಟಳು. ಬಿಳಿ ಬಟ್ಟೆಯ ಮೇಲೆ ತೇಗದ ಎಳೆ ಎಲೆ, ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ. ಕಲ್ಲಿನಿಂದ ಕುಟ್ಟಿದರೆ ಎಲೆಯ ಕೆಂಪು ರಸ ಬಟ್ಟೆಗೆ ಇಳಿಯಬೇಕು. ನನ್ನ ಮೊದಲ ಏಟು ಎಲೆಗೆ ಬೀಳದೆ ಪಕ್ಕದಲ್ಲಿ ಎಲ್ಲರಿಗೂ ತಿನ್ನಲು ಇಟ್ಟಿದ್ದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ತಟ್ಟೆಗೆ ಬಿತ್ತು. ಮಂಡಕ್ಕಿ ಎದ್ದು ಎಲ್ಲರ ತಲೆಯ ಮೇಲೂ ಉದುರಿತು. ಜನ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ಹೆದರಿಕೆ ಎಲ್ಲಿಂದ ಬರಬೇಕು? ಕುಟ್ಟಿದ್ದೇ ಕುಟ್ಟಿದ್ದು.

ಎಲೆ ಎತ್ತಿ ನೋಡಿದರೆ ಅಚ್ಚು ಒಂದಲ್ಲ, ಎರಡು. ಕೈ ಅಲುಗಿ ಎಲೆ ಜರುಗಿತ್ತು. ಒಂದು ಗಾಢ ಕೆಂಪು, ಅದರ ಬೆನ್ನಿಗೇ ಇನ್ನೊಂದು, ತೆಳುವಾಗಿ. ಕೆಟ್ಟಿತೆಂದು ಬಟ್ಟೆ ಮಡಚಲು ಹೋದೆ. ನೂರ್‌ಜಹಾನ್ ಕಿತ್ತುಕೊಂಡು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ನೋಡ್ರಿ, ಎಲಿ ಗಾಳಿಗೆ ಅಲ್ಲಾಡೋ ಹಂಗೆ ಬಂದೈತೆ! ನನ್ ಕೈಯಾಗ ಹಿಂಗ್ ಬರಂಗಿಲ್ಲ."

ಹೌದು, ಅದು ಅಲ್ಲಾಡುತ್ತಿತ್ತು. ಮೂವತ್ತು ವರ್ಷ ನಾನು ಬರೆದ ಎಲೆಗಳಲ್ಲಿ ಒಂದಾದರೂ ಗಾಳಿ ಕಂಡಿರಲಿಲ್ಲ. ಕಣ್ಣು ಒದ್ದೆಯಾಯಿತು. ಮೆಣಸಿನಕಾಯಿ ಖಾರ ಎಂದು ಸುಳ್ಳು ಹೇಳಿದೆ.

ಈಗ ನೂರ್‌ಜಹಾನ್ ಹರಿಹರದಲ್ಲಿ ತನ್ನ ಓಣಿಯಲ್ಲೇ ಇಂಥದೊಂದು ಭಾನುವಾರ ಶುರುಮಾಡುತ್ತಿದ್ದಾಳೆ. ಬೋರ್ಡು ನೀವೇ ಬರೆದುಕೊಡಬೇಕು ಎಂದು ನಿನ್ನೆ ಫೋನ್ ಮಾಡಿದ್ದಳು. ಪ್ರಿಂಟ್ ಹಾಕಿಸಮ್ಮ ಎನ್ನಹೊರಟವಳು ಆಗಲಿ ಎಂದುಬಿಟ್ಟೆ. ಊಟದ ಮೇಜಿನ ಮೇಲೆ ರಟ್ಟು ಹರಡಿ, ಬ್ರಶ್ ಹಿಡಿದು, 'ಎಲ್ಲಾರೂ ಬರ್ರಿ' ಎಂದು ಈಗಷ್ಟೇ ಬರೆದು ಮುಗಿಸಿದೆ. ಕೊನೆಯ ಅಕ್ಷರ ತುಸು ಪಕ್ಕಕ್ಕೆ ವಾಲಿದೆ. ವಾಲಲಿ. ಓದಲಂತೂ ಬರುತ್ತದೆ.