ಕನ್ನಡ ಬಾರದ ಬೀಗ ಮತ್ತು ಶಿವಕಾಂತಾ ಬಾಯಿಯವರು

ಮನೆಯಲ್ಲಿ ಕನ್ನಡ, ರಸ್ತೆಯಲ್ಲಿ ಮರಾಠಿ, ಪರೀಕ್ಷೆಯಲ್ಲಿ ಇಂಗ್ಲಿಷ್ ಎಂದು ಹಂಚಿಹೋದ ಮಕ್ಕಳಿಗೆ ಕನ್ನಡ ಓದುವ ಅಭ್ಯಾಸ ಹಿಡಿಸುವುದೇ ಪುಣೆಯ ಕನ್ನಡ ಶಿಕ್ಷಕರ ಕೆಲಸ. ಮೂರು ದಶಕಗಳ ಸೇವೆಯ ನಂತರ ನಿವೃತ್ತರಾಗುತ್ತಿರುವ ಶ್ರೀಮತಿ ಶಿವಕಾಂತಾ ಬಾಯಿಯವರು ಅದರಲ್ಲಿ ಪೂರ್ತಿ ಗೆದ್ದರೆಂದು ಅವರ ವಿದ್ಯಾರ್ಥಿಯಾದ ನಾನು ಹೇಳಲಾರೆ, ಅವರೂ ಹೇಳುವುದಿಲ್ಲ. ಭೋರ್ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಸಹಪಾಠಿ ದತ್ತುವಿಗೆ ಬೆಳಗಿನ ಮೊದಲ ಪಾಠ ತಪ್ಪಿದಾಗಲೆಲ್ಲ, ಊಟದ ಬಿಡುವಿನಲ್ಲಿ ತಮ್ಮ ಡಬ್ಬಿಯನ್ನು ಪಕ್ಕಕ್ಕಿಟ್ಟು ಅದನ್ನು ಮತ್ತೆ ಹೇಳಿಕೊಡುತ್ತಿದ್ದರು. ದತ್ತುವಿನ ಕಾಗುಣಿತ ಕೊನೆಯವರೆಗೂ ಸುಧಾರಿಸಲಿಲ್ಲ.

ನಾವು ಒಂಬತ್ತನೆಯ ತರಗತಿಯಲ್ಲಿದ್ದಾಗ ದಾನಿಗಳು ಶಾಲೆಗೆ ಲ್ಯಾಪ್‌ಟಾಪ್‌ಗಳನ್ನು ಕೊಟ್ಟರು. ಆಟ, ಸಿನಿಮಾ, ಕ್ರಿಕೆಟ್ ಯಾವುದೂ ತೆರೆಯದಂತೆ ಅವಕ್ಕೆ ಬೀಗ ಹಾಕಿಸಲಾಗಿತ್ತು; ಬೀಗ ತಪ್ಪಿಸಿದವರನ್ನು ಶಾಲೆಯಿಂದ ತೆಗೆಯಲು ಪಾಲಕರ ಒಪ್ಪಿಗೆಯನ್ನೂ ಪಡೆಯಲಾಗಿತ್ತು. ಬೇರೆ ಶಿಕ್ಷಕರೆಲ್ಲ ಜಾರಿಕೊಂಡದ್ದರಿಂದ ಉಸ್ತುವಾರಿ ಬಾಯಿಯವರ ಪಾಲಿಗೆ ಬಂತು. ವಿಜ್ಞಾನದ ಪುಟಗಳು ಇಂಗ್ಲಿಷಿನಲ್ಲಿದ್ದುದರಿಂದ, ಅವನ್ನು ಕನ್ನಡಕ್ಕೆ ತಿರುಗಿಸುವ ಸೌಲಭ್ಯವನ್ನು ಅವರೇ ಹಟಹಿಡಿದು ತೆರೆಸಿದರು. ಬೀಗವು ನಿಷಿದ್ಧ ಪದಗಳನ್ನು ಇಂಗ್ಲಿಷ್, ಹಿಂದಿ, ಮರಾಠಿಗಳಲ್ಲಿ ಮಾತ್ರ ಹುಡುಕುತ್ತಿತ್ತು. ಕನ್ನಡ ಶಾಲೆಯೊಂದರಲ್ಲಿ ಅದಕ್ಕೆ ಕನ್ನಡ ಕಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ನಮ್ಮ ಸಹಪಾಠಿ ಪ್ರಣೀತಾಗೆ. ಕ್ರಿಕೆಟ್ಟಿನ ಪುಟವನ್ನು ಅನುವಾದಕ್ಕೆ ಹಾಕಿದರೆ ಅದು ಸಲೀಸಾಗಿ ತೆರೆದುಕೊಳ್ಳುತ್ತಿತ್ತು. ವಾರದೊಳಗೆ ಇಡೀ ತರಗತಿ ಕನ್ನಡ ಓದತೊಡಗಿತು. ಓದಿದ್ದು ಎಂಥ ಕನ್ನಡ! ಸೊನ್ನೆಗೆ ‘ಡಕ್’ ಆದ ಬ್ಯಾಟರ್‌ಗಳು ಬಾತುಕೋಳಿಗೆ ಔಟಾಗುತ್ತಿದ್ದರು, ಫೈನ್ ಲೆಗ್ಗಿಗೆ ಹೊಡೆದ ಚೆಂಡು ಉತ್ತಮ ಕಾಲಿನ ಕಡೆಗೆ ಹೋಗುತ್ತಿತ್ತು.

ಹೋಟೆಲು ನಡೆಸುವ ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷ ಸುಂದರ ಅವರು ಒಂದು ದಿನ ದಾನಿಗಳನ್ನು ಕರೆತಂದರು. ತಲೆ ತಗ್ಗಿಸಿ ಕನ್ನಡ ಓದುತ್ತಿದ್ದ ನಮ್ಮನ್ನು ಅವರಿಗೆ ತೋರಿಸಿ ಹೆಮ್ಮೆಪಟ್ಟರು. ಆಮೇಲೆ ಬಗ್ಗಿ ಓದಿದರು.

ಯಾರು ಕಲಿಸಿದ್ದೆಂದು ಕೇಳಿದಾಗ ಪ್ರಣೀತಾ ಎದ್ದು ನಿಂತಳು. ಅವಳ ತಾಯಿ ತಿಪ್ಪವ್ವ ಮೆಸ್ಸೊಂದರಲ್ಲಿ ರೊಟ್ಟಿ ಬಡಿಯುತ್ತಿದ್ದರು; ಶಾಲೆ ತಪ್ಪಿದರೆ ಮಗಳಿಗೂ ಅದೇ ಹಂಚು ಕಾದಿತ್ತು. ಮರುದಿನದ ಸಭೆಗೆ ತರಗತಿಯ ಮಾನಿಟರ್ ಎಂದು ನನ್ನನ್ನೂ ಕರೆಸಿದ್ದರು. ನಿಯಮ ನಿಯಮವೇ ಎಂದು ಸದಸ್ಯರು ಒಬ್ಬೊಬ್ಬರಾಗಿ ಹೇಳಿದರು. ಬಾಯಿಯವರು ಕೊನೆಗೆ ಮಾತಾಡಿದರು.

“ಇದು ನನಗ ದೀಪಾವಳಿ ರಜಾಕ್ಕಿಂತ ಮೊದಲ ಗೊತ್ತಿತ್ರಿ. ಹುಡುಗ್ರು ಕನ್ನಡ ಓದಾಕತ್ತಾರ ಅಂತ ಸುಮ್ಮನಿದ್ದೆ. ತೆಗೆಯೂದಾದ್ರ ನನ್ನಿಂದ ಸುರು ಮಾಡ್ರಿ.”

ಸುಂದರ ಅವರು ಹಣೆ ಒತ್ತಿಕೊಂಡರು. “ಎಂಥದು ಮಾರಾಯ್ರೆ ನೀವು! ಜೂನಲ್ಲಿ ಹೆಡ್‌ಮಿಸ್ ಆಗುವವರು. ಇದು ಬರಹಕ್ಕೆ ಬಂದ್ರೆ ಮತ್ತೆ ಆಗ್ಲಿಕ್ಕುಂಟಾ?”

“ಬರೀರಿ,” ಎಂದರು ಬಾಯಿಯವರು. “ಅಕಿ ಹೆಸರು ಬಿಟ್ಟು ಬರೀರಿ.”

ಹಾಗೆಯೇ ಬರೆದುಕೊಂಡರು. ಪ್ರಣೀತಾ ಶಾಲೆಯಲ್ಲಿ ಉಳಿದಳು. ಮುಖ್ಯೋಪಾಧ್ಯಾಯರ ಕುರ್ಚಿ ಬೇರೆಯವರಿಗೆ ಹೋಯಿತು. ಗೊತ್ತಿದ್ದೂ ಸುಮ್ಮನಿದ್ದದ್ದು ಸರಿಯಲ್ಲವೆಂದೇ ನಾನು ಈಗಲೂ ತಿಳಿದಿದ್ದೇನೆ. ಆದರೆ ತಮ್ಮ ತಪ್ಪಿನ ಬೆಲೆಯನ್ನು ಒಂದು ಮಗುವಿನಿಂದ ತೆರಿಸಲು ಒಪ್ಪದ ಹಿರಿಯರನ್ನು ನಾನು ಆ ಕೋಣೆಯಲ್ಲಿ ಮೊದಲ ಸಲ ಕಂಡೆ. ಆ ವಾರವೇ ಅನುವಾದದ ದಾರಿಯನ್ನು ಬಾಯಿಯವರು ಮುಚ್ಚಿಸಿದರು, ನಾವು ಕನ್ನಡ ಓದುವುದನ್ನು ನಿಲ್ಲಿಸಿದೆವು. ಪ್ರಣೀತಾ ಮುಂದೆ ಮಹತ್ತಾದುದೇನನ್ನೋ ಸಾಧಿಸಿದ್ದರೆ ಈ ಲೇಖನಕ್ಕೆ ಅನುಕೂಲವಾಗುತ್ತಿತ್ತು. ಅವಳು ಸಾಧಾರಣ ಅಂಕಗಳಲ್ಲಿ ತೇರ್ಗಡೆಯಾಗಿ, ಈಗ ಬಾರಾಮತಿಯ ಡೇರಿಯೊಂದರಲ್ಲಿ ಹಾಲಿನ ಪರೀಕ್ಷೆ ಮಾಡುತ್ತಾಳೆ. ಅದು ಅವಳು ಓದಿ ಪಡೆದ ಕೆಲಸ.

ಬಾಯಿಯವರು ಇನ್ನು ಮುಂದೆ ತಮ್ಮ ಮನೆಯಲ್ಲೇ ಭಾನುವಾರದ ಕನ್ನಡ ವರ್ಗ ನಡೆಸುವರಂತೆ. ಅವರ ಕಣ್ಣು, ಮೊಣಕಾಲು, ದನಿ ಮೂರೂ ಬಹುಕಾಲ ಗಟ್ಟಿಯಾಗಿರಲಿ. ಆ ವರ್ಗದಿಂದ ಮಕ್ಕಳನ್ನು ಹೊರಹಾಕುವ ಅಧಿಕಾರ ಅವರೊಬ್ಬರದೇ ಆಗಿರುತ್ತದೆ. ಅದನ್ನು ಅವರು ಇನ್ನೂ ಅನೇಕ ವರ್ಷ ಬಳಸದೆ ಇಟ್ಟುಕೊಂಡಿರಲಿ.