‘ಬಿಡು’ ಎಂದ ಡ್ರಿಲ್ ಟೀಚರ್

“ಯಾರಾದ್ರೂ ಬಿದ್ದ ಕೂಡ್ಲೇ ಎತ್ತೋಕೆ ಓಡ್ತೀರಲ್ಲ, ಬಿದ್ದಿರೋದು ಮನುಷ್ಯರು ಕಣ್ರೇ, ಅಕ್ಕಿ ಮೂಟೆ ಅಲ್ಲ! ಕತ್ತಿಗೆ ಪೆಟ್ಟಾಗಿದೆ ಅನ್ನಿಸಿದ್ರೆ ಕೂರಿಸಬೇಡಿ, ನೀರು ಕುಡಿಸಬೇಡಿ, ನೆಟಿಗೆ ತೆಗೆಯೋಕಂತೂ ಹೋಗಲೇಬೇಡಿ. ಒಬ್ಬರು ಆಂಬುಲೆನ್ಸಿಗೆ ಫೋನ್ ಮಾಡ್ಸಿ. ಇನ್ನೊಬ್ಬರು ತಲೆ ಹತ್ರ ಮಂಡಿಯೂರಿ, ಎರಡೂ ಕಡೆ ಕೈಯಿಟ್ಟು, ತಲೆ ಹೇಗಿದೆಯೋ ಹಾಗೇ ಹಿಡ್ಕೊಳ್ಳಿ. ಹಿಡಿದವರು ಅಲ್ಲಾಡಬಾರದು. ಮೂಗು ತುರಿಸಿದ್ರೂ ಸರಿ, ಹೆಡ್‌ಮಾಸ್ಟರೇ ಬಂದು ಬೈದ್ರೂ ಸರಿ. ನಾನು ‘ಬಿಡು’ ಅಂದಾಗ ಮಾತ್ರ ಬಿಡಿ.”

ಡ್ರಿಲ್ ಟೀಚರ್ ವರ್ಷವರ್ಷವೂ ಹೆಣ್ಣುಮಕ್ಕಳ ಎದುರು ಇದನ್ನೇ ಒಪ್ಪಿಸುತ್ತಿದ್ದರು. ಹತ್ತೊಂಬತ್ತು ವರ್ಷದ ಕೆಲಸದಲ್ಲಿ ಗಂಟಲು ಗಟ್ಟಿಯಾಗಿತ್ತೇ ಹೊರತು ಎದೆ ಗಟ್ಟಿಯಾಗಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬಿದ್ದ ಹುಡುಗಿಯೊಬ್ಬಳನ್ನು ತಾವೇ ತೋಳು ಹಿಡಿದು ಎಬ್ಬಿಸಿದ್ದರು. ಮುರಿದ ಮೂಳೆ ಕರಕರ ಅಂದದ್ದು ಅಂಗೈಗೆ ತಿಳಿದಿತ್ತು. ಅಂದಿನಿಂದ ಮಕ್ಕಳು ಜೋರಾಗಿ ಓಡಿದರೆ ಸಾಕು, ಅವರು ಸೀಟಿ ಊದಿಬಿಡುತ್ತಿದ್ದರು.

ಆ ಮಧ್ಯಾಹ್ನ ಅವರು ಚೆಂಡಿಗೆ ಗಾಳಿ ಹೊಡೆಯುವ ಪಂಪು ತರಲು ಸಾಮಾನಿನ ಕೋಣೆಗೆ ಹೋಗಿದ್ದರು. ಹೊರಗಿನ ಗಲಾಟೆ ಥಟ್ಟನೆ ನಿಂತಿತು. ಕೂಗಾಡಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ. ಓಡಿ ಬಂದು ನೋಡಿದರೆ, ಎತ್ತರ ಜಿಗಿತದ ಹಾಸಿಗೆಯಿಂದಾಚೆ ಎಂಟನೇ ತರಗತಿಯ ಹುಡುಗಿ ಅಂಗಾತ ಬಿದ್ದಿದ್ದಾಳೆ. ಪಾಠದಲ್ಲಿ ಒಂದು ದಿನವೂ ಸುಮ್ಮನೆ ಕೂರದ ಅವಳ ಗೆಳತಿ ‘ಬಾಯಿಬಡುಕಿ’ ಹೇಳಿಕೊಟ್ಟಂತೆಯೇ ತಲೆ ಹಿಡಿದು ಕೂತಿದ್ದಾಳೆ.

“ಟೀಚರ್, ಕಾಲು ಜೋಮು ಹಿಡ್ದಿದೆ. ನನ್ನ ಕಾಲು ಇದೆಯಾ?” ಎಂದು ಬಿದ್ದವಳು ಅತ್ತಳು.

ಟೀಚರ್ ಅವಳತ್ತ ಬಾಗಿದರು. “ಅಳಬೇಡ ಕಂದಾ, ಏನೂ ಆಗಲ್ಲ ಬಿಡು,” ಎಂದರು.

ಬಾಯಿಬಡುಕಿ ಕೈ ಬಿಟ್ಟಳು.

ತಲೆ ಬೆರಳಗಲ ಪಕ್ಕಕ್ಕೆ ವಾಲಿತು. ಟೀಚರ್ ದೊಪ್ಪನೆ ಮಂಡಿಯೂರಿ ಹಿಡಿದುಕೊಂಡರು.

“ಯಾಕೆ ಬಿಟ್ಟೆಯೇ!”

“ನೀವೇ ಬಿಡು ಅಂದ್ರಲ್ಲ, ಟೀಚರ್...”

ಆಸ್ಪತ್ರೆಗೆ ಹುಡುಗಿಯ ತಾಯಿ ಹೊಲಿಗೆ ಅಂಗಡಿಯಿಂದ ಹಾಗೇ ಓಡಿ ಬಂದಿದ್ದರು. ಕೊರಳಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. ಟೀಚರ ಎರಡೂ ಕೈ ಹಿಡಿದು, “ನೀವಿದ್ದಿದ್ದಕ್ಕೆ ಸರಿಹೋಯ್ತು ಟೀಚರಮ್ಮ,” ಎಂದರು.

ಸುಮ್ಮನಿದ್ದುಬಿಡಬಹುದಿತ್ತು.

“ಇಲ್ಲಮ್ಮ. ನನ್ನ ಬಾಯಿ ತಪ್ಪಿಂದ ಅವಳ ತಲೆ ಅಲುಗ್ತು. ಕಾಲಿಗೆ ಏನಾದ್ರೂ ಆದ್ರೆ... ಬಿದ್ದಿದ್ದರಿಂದಲೋ, ನನ್ನಿಂದಲೋ, ನನಗೆ ಗೊತ್ತಿಲ್ಲ.”

ತಾಯಿ ಕೈ ಹಿಂದಕ್ಕೆ ಎಳೆದುಕೊಂಡರು. ಬೆಂಚಿನ ಮೇಲೆ ಇಬ್ಬರೂ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ಒಳಗೆ ಯಾರ ಚಪ್ಪಲಿ ಸದ್ದಾದರೂ ಟೀಚರ್ ಅರ್ಧ ಎದ್ದು ಮತ್ತೆ ಕೂರುತ್ತಿದ್ದರು.

ಒಂದು ಗಂಟೆಯ ಮೇಲೆ ಡಾಕ್ಟರಮ್ಮ ಹೊರಬಂದರು. “ಮೂಳೆ, ನರ ಎಲ್ಲ ಸರಿಯಿದೆ. ಕಾಲ್ಬೆರಳು ಆಡಿಸ್ತಿದ್ದಾಳೆ. ಕತ್ತು ಉಳುಕಿದೆ, ಕೆಲವು ವಾರ ಪಟ್ಟಿ ಇರಲಿ.”

“ನಡುವೆ ತಲೆ ಅಲುಗಿತ್ತು, ಅದರಿಂದ...”

“ಈ ಸಲ ಏನೂ ಆಗಿಲ್ಲ,” ಎಂದರು ಡಾಕ್ಟರಮ್ಮ.

ತಾಯಿ ಹಿಂದಿರುಗಿ ನೋಡದೆ ಒಳಗೆ ಹೋದರು. ಟೀಚರ್ ಅಲ್ಲಿಂದಲೇ ಬಾಯಿಬಡುಕಿಯ ಮನೆಗೆ ಫೋನ್ ಮಾಡಿದರು. “ಅವಳು ಹುಷಾರಾಗಿದ್ದಾಳೆ. ನೀನು ಸರಿಯಾಗೇ ಮಾಡಿದೆ ಕಣೇ, ತಪ್ಪು ನನ್ನದು. ಇನ್ಮೇಲೆ ಹಿಡಿದವರ ಹೆಸರು ಹೇಳಿ ‘ಕೈ ತೆಗಿ’ ಅಂತೀನಿ.” ಆ ಕಡೆಯಿಂದ ಬಿಕ್ಕಿದ್ದು ಕೇಳಿಸಿತು.

ಮನೆಗೆ ಬಂದಾಗ ಅತ್ತೆ ಮುಖ ನೋಡಿ, “ಏನೇ ಇದು, ರಕ್ತವೇ ಇಲ್ವಲ್ಲ! ಕೂತ್ಕೋ, ಪಾತ್ರೆ ನಾನು ತೊಳೀತೀನಿ,” ಎಂದರು.

“ಬೇಡ ಅತ್ತೆ. ಕೂತ್ರೆ ಡಾಕ್ಟರಮ್ಮ ‘ಈ ಸಲ’ ಅಂದಿದ್ದೇ ಕೇಳಿಸುತ್ತೆ.”

ಸೆರಗು ಸಿಕ್ಕಿಸಿ ನಲ್ಲಿ ತಿರುಗಿಸಿದರು. ಸೋಪು ಹತ್ತಿದ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಒಂದೊಂದನ್ನೇ ತೊಳೆದು ಬೋರಲು ಹಾಕತೊಡಗಿದರು.