ಕಣ್ಣಿಗಿಂತ ಚುರುಕಾದ ಉಗುರು

ಜೇನುಪೆಟ್ಟಿಗೆಗಳೊಂದಿಗೆ ಇಪ್ಪತ್ತೆರಡು ವರ್ಷ ಏಗಿದ ಅತ್ತಿಗೆಗೆ ಕಣ್ಣಿಗಿಂತ ಉಗುರು ಚುರುಕು. ಜೇನು ಚುಚ್ಚಿದರೆ ಮುಳ್ಳನ್ನು ಚರ್ಮದಲ್ಲೇ ಬಿಟ್ಟು ತಾನು ಸಾಯುತ್ತದೆ. ಆ ಮುಳ್ಳು ಸುಮ್ಮನಿರುತ್ತದೆಯೇ? ಕೀಳುವವರೆಗೂ ವಿಷ ಇಳಿಸುತ್ತಲೇ ಇರುತ್ತದೆ. ಅದಕ್ಕೇ ಕಣ್ಣು ನೋಡುವ ಮೊದಲೇ ಅವಳ ಉಗುರು ಅದನ್ನು ಕೆರೆದು ತೆಗೆದಿರುತ್ತದೆ. ಕಡಜದ ದಾರಿಯೇ ಬೇರೆ. ಮುಳ್ಳು ಬಿಡುವುದಿಲ್ಲ, ಸಾಯುವುದೂ ಇಲ್ಲ, ಸಿಟ್ಟು ತೀರುವತನಕ ಚುಚ್ಚುತ್ತದೆ ಹಾಳಾದ್ದು!

ಅವಳ ಜೊತೆ ದುಡಿಯುವವಳು ಗಂಡನ ತಂಗಿ. ಜೇನು ಎಷ್ಟು ಚುಚ್ಚಿದರೂ ನಾದಿನಿಗೆ ಲೆಕ್ಕಕ್ಕಿಲ್ಲ. ಆದರೆ ಹೋದ ವರ್ಷ ಒಂದೇ ಒಂದು ಕಡಜ ಚುಚ್ಚಿ, ಗಂಟಲು ಕಟ್ಟಿ, ಸತ್ತು ಬದುಕಿದ್ದಳು. "ಇನ್ನೊಂದು ಸಲ ಕಡಜ ಚುಚ್ಚಿದ್ರೆ ಕಾಯಬೇಡಿ. ತಕ್ಷಣ ತೊಡೆಗೆ ಈ ಇಂಜೆಕ್ಷನ್ ಕೊಟ್ಟು ಕರ್ಕೊಂಡು ಬನ್ನಿ," ಎಂದಿದ್ದರು ಡಾಕ್ಟರು. ಅದು ಸದಾ ಅತ್ತಿಗೆಯ ಜೇಬಿನಲ್ಲಿರುತ್ತಿತ್ತು.

ಆ ಬೆಳಿಗ್ಗೆ ತಾರಸಿಯಲ್ಲಿ ಪೆಟ್ಟಿಗೆ ತೆರೆದಿದ್ದರು. "ಅಮ್ಮಾ!" ಎಂದು ನಾದಿನಿ ಕುತ್ತಿಗೆ ಹಿಡಿದುಕೊಂಡಳು. ಅವಳ ಕೈ ಸರಿಸಿದ್ದೇ ತಡ, ಅತ್ತಿಗೆಯ ಉಗುರು ಸರಕ್ಕನೆ ಕೆರೆದುಬಿಟ್ಟಿತು. ಆಮೇಲೆ ಉಗುರನ್ನು ಬೆಳಕಿಗೆ ಹಿಡಿದು ನೋಡಿದಳು. ಕೆರೆದದ್ದರಲ್ಲಿ ಮುಳ್ಳಿತ್ತೋ, ಇರಲಿಲ್ಲವೋ? ನೋಡಿದವರು ಯಾರು! ಉಗುರಿನ ಸಂದಿಯಲ್ಲಿ ಬರೀ ಮೇಣ.

"ಜೇನೇ ಇರ್ಬೇಕು ಬಿಡಿ ಅತ್ತಿಗೆ. ಇರೋದೇ ಒಂದು ಇಂಜೆಕ್ಷನ್."

"ಬಾಯ್ಮುಚ್ಚೇ! ಉಸಿರು ಸರಾಗ ಆಡ್ತಿದೆಯಾ?"

"ಆಡ್ತಿದೆ. ತುಟಿ ಒಂಚೂರು ಜುಮ್ ಅಂತಿದೆ, ಅಷ್ಟೇ."

ಗಾಬರಿಗೂ ತುಟಿ ಜುಮ್ಮೆನ್ನುತ್ತದೆ ಎಂದು ಅತ್ತಿಗೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ದೇವರೇ, ಜೇನಾಗಿರಲಪ್ಪಾ! ಜೇಬಿಗೆ ಹೋದ ಕೈ ಹೊರಗೆ ಬರಲಿಲ್ಲ.

"ಅಯ್ಯೋ, ಮತ್ತೆ ಚುಚ್ತು! ಕಾಲರ್ ಒಳಗಿದೆ, ಅದೇ ಹುಳ!"

ಒಂದೇ ಹುಳ, ಎರಡು ಸಲ. ಜೇನಿನ ಕೈಲಾಗುವ ಕೆಲಸವಲ್ಲ ಅದು. ಅತ್ತಿಗೆ ಬಟ್ಟೆಯ ಮೇಲಿಂದಲೇ ತೊಡೆಗೆ ಇಂಜೆಕ್ಷನ್ ಕೊಟ್ಟಳು, ಗಂಟಲು ಹರಿಯುವಂತೆ ಕೂಗಿ ಕೆಳಗಿನ ಮನೆಯವರ ಕಾರು ಹೊರಡಿಸಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಾದಿನಿಯ ಮುಖ ಗುರುತು ಸಿಗದಷ್ಟು ಊದಿತ್ತು. ಉಸಿರು ಮಾತ್ರ ನಡೆಯುತ್ತಿತ್ತು.

ಸಂಜೆ ಕಣ್ಣು ಬಿಟ್ಟವಳು ಕೇಳಿದಳು: "ಜೀವ ಉಳಿಸಿ ಅಳ್ತೀರಲ್ಲ, ಯಾಕೆ?"

"ಗೊತ್ತಿದ್ದೂ ಕಾದೆ ಕಣೇ. ಅದು ಎರಡನೇ ಸಲ ಚುಚ್ಚದೇ ಇದ್ದಿದ್ರೆ, ಜೇನು ಜೇನು ಅಂದ್ಕೊಂಡೇ ನಿನ್ನ ಕೊಂದಿರ್ತಿದ್ದೆ."

"ಹಾಗಾದ್ರೆ ನನ್ನ ಉಳಿಸಿದ್ದು ಕಡಜಾನೇ ಅನ್ನಿ," ಎಂದು ನಾದಿನಿ ಊದಿದ ತುಟಿಯಲ್ಲೇ ನಕ್ಕಳು.

ಅತ್ತಿಗೆಗೆ ನಗು ಬರಲಿಲ್ಲ.